ಯಂತ್ರಕ್ಕೆ ಎರಡನೇ ಭಾಷೆ ಕಲಿಸಿದ್ದು

ನಮ್ಮ ಗಣಿ ಕಚೇರಿಗೆ ಕಂಪ್ಯೂಟರ್ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಚಿತ್ರದುರ್ಗದ ಹೊರಗೆ, ಕಿಟಕಿಯಿಂದ ಜೋಗಿಮಟ್ಟಿ ಕಾಣುವ ಕೋಣೆಯಲ್ಲಿ ಅದನ್ನು ಪ್ರತಿಷ್ಠಾಪಿಸಿದ್ದರು. ಇಡೀ ಕಚೇರಿಯಲ್ಲಿ ತಂಪು ಗಾಳಿಯ ಯಂತ್ರವಿದ್ದದ್ದು ಅದೊಂದಕ್ಕೇ. ಕಂಪ್ಯೂಟರ್ ನಡೆಸುವ ಹೊಣೆ ನನ್ನದಾದ್ದರಿಂದ ಆ ತಂಪಿನಲ್ಲಿ ನನಗೂ ಪಾಲಿತ್ತು.

ನಾವು ಬರೆದದ್ದು ಕಂಪ್ಯೂಟರಿಗೆ ನೇರವಾಗಿ ತಿಳಿಯುವುದಿಲ್ಲ. ನಡುವೆ ದುಭಾಷಿಯೊಬ್ಬ ಬೇಕು. ಅವನಿಗೆ ಕಂಪೈಲರ್ ಎಂದು ಹೆಸರು. ನಮ್ಮಲ್ಲಿ ಫೋರ್ಟ್ರಾನ್ ಎಂಬ ಒಂದೇ ಭಾಷೆಯ ಕಂಪೈಲರ್ ಇತ್ತು. ಅದಿರಿನ ಲೆಕ್ಕಕ್ಕೆ ಅದು ಸಾಕಾಗಿತ್ತು. ಉಗ್ರಾಣದ ಕೆಲಸಕ್ಕೆ ಕೋಬಾಲ್ ಎಂಬ ಇನ್ನೊಂದು ಭಾಷೆಯೂ ಬೇಕು ಎಂದು ಹೆಡ್ ಆಫೀಸಿನಿಂದ ಅಪ್ಪಣೆ ಬಂತು. ಸೋಮವಾರ ದೊಡ್ಡ ಸಾಹೇಬರೇ ಬಂದು ನೋಡುತ್ತಾರೆ. ಆಗದಿದ್ದರೆ ಯಂತ್ರ ಬೆಂಗಳೂರಿಗೆ ಹೋಗುತ್ತದೆ, ಅದರ ಬೆನ್ನಿಗೆ ನಾನೂ. ನನ್ನ ಹೆಂಡತಿ ಗಿರಿಜಾಗೆ ದುರ್ಗದ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿದ್ದು ಆಗಷ್ಟೇ. ನಾನು ಅಲ್ಲಿ, ಅವಳು ಇಲ್ಲಿ ಆಗುವುದು ಇಬ್ಬರಿಗೂ ಬೇಡವಾಗಿತ್ತು.

"ಆಗ್ತೈತೇನ್ರಿ ನಿಮ್ಮ ಕೈಲಿ?" ಎಂದು ಮ್ಯಾನೇಜರ್ ಬಸವಲಿಂಗಪ್ಪನವರು ಕೇಳಿದರು.

"ಅದೇನು ಮಹಾ ಸಾರ್? ಇರೋ ಮನೆಗೆ ಇನ್ನೊಬ್ಬ ಬಾಡಿಗೆದಾರ ಬಂದಂಗೆ," ಎಂದೆ.

ಬೆಂಗಳೂರಿಗೆ ಹೋಗಿ ಗೆಳೆಯ ಮೂರ್ತಿಯ ಕಚೇರಿಯಿಂದ ಕೋಬಾಲ್ ತಂದೆ. ಆ ಕಾಲದಲ್ಲಿ ಕಂಪೈಲರ್ ಎಂದರೆ ಒಂದು ಉದ್ದನೆಯ ಡಬ್ಬದ ತುಂಬ ತೂತು ಹೊಡೆದ ದಪ್ಪ ಕಾಗದದ ಕಾರ್ಡುಗಳು. "ಒಂದು ಹಿಂದೆಮುಂದೆ ಆದ್ರೂ ಇದು ರದ್ದಿ ಕಣೋ," ಎಂದು ಮೂರ್ತಿ ಎಚ್ಚರಿಸಿದ್ದ. ಬಸ್ಸು ಹತ್ತಿ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡೆ.

ಹಿರಿಯೂರಿನಲ್ಲಿ ಚಹಾಕ್ಕೆ ಇಳಿದಾಗಲೂ ಡಬ್ಬ ಕೈಯಲ್ಲೇ ಇತ್ತು. ಪಕ್ಕದ ಸೀಟಿನಲ್ಲಿದ್ದ ಬಾಗೂರಿನ ಯಜಮಾನರು ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದರು.

"ಏನ್ರಿ ಅದು, ಮೈಸೂರುಪಾಕಾ?"

"ಅಲ್ಲ, ಭಾಷೆ," ಎಂದೆ ಗಂಭೀರವಾಗಿ.

"ಭಾಷೆ ಡಬ್ಬದಾಗೆ ಇರ್ತೈತಾ? ತೋರಿಸ್ರಿ ನೋಡಾಣ."

ಇಷ್ಟು ಆಸಕ್ತಿ ತೋರಿದವರನ್ನು ನಿರಾಸೆಗೊಳಿಸುವುದು ಸರಿಯೇ? ಮುಚ್ಚಳ ತೆಗೆದೆ. ಕಟ್ಟಿದ್ದ ರಬ್ಬರ್ ಬ್ಯಾಂಡನ್ನೂ ತೆಗೆದೆ. ಒಂದು ಕಾರ್ಡನ್ನು ಬಿಸಿಲಿಗೆ ಹಿಡಿದು ತೂತುಗಳ ಮಹಿಮೆ ವಿವರಿಸತೊಡಗಿದೆ. ಅಷ್ಟರಲ್ಲಿ ದುರ್ಗದ ಕಡೆಯಿಂದ ಗಾಳಿ ಬೀಸಿತು. ನಾನು ಗಾಬರಿಯಿಂದ ತಿರುಗಿದೆ, ಡಬ್ಬ ಕೈಜಾರಿತು, ಕೋಬಾಲ್ ಭಾಷೆ ಹಿರಿಯೂರಿನ ತುಂಬ ಹರಡಿತು.

ಡ್ರೈವರು, ಕಂಡಕ್ಟರು, ಹೋಟೆಲಿನವರು, ಪ್ರಯಾಣಿಕರು ಎಲ್ಲರೂ ಕಾರ್ಡು ಹಿಡಿಯಲು ಓಡಿದರು. ರಸ್ತೆಯಾಚೆ ಒಂದು ಕುರಿ ಹಿಂಡು ನಿಂತಿತ್ತು. ಅದರಲ್ಲಿ ಒಂದು ಕುರಿ ಕಣ್ಣು ಅರೆಮುಚ್ಚಿ ನಿಧಾನವಾಗಿ ಏನನ್ನೋ ಅಗಿಯುತ್ತಿತ್ತು.

"ಅದು ಕಂಪೈಲರ್ ತಿಂತಾ ಐತೆ, ಬಿಡಿಸ್ರಿ," ಎಂದು ಕುರಿ ಕಾಯುವವರಿಗೆ ಮೊರೆಯಿಟ್ಟೆ.

ಅವರು ಕುರಿಯ ಬಾಯಿ ಬಿಡಿಸಿ ನೋಡಿದರು. "ನುಂಗೈತೆ ಸ್ವಾಮಿ. ಕುರಿಗೇನೂ ಆಗಲ್ಲ ತಾನೇ?" ಎಂದು ನನ್ನನ್ನೇ ಕೇಳಿದರು.

ಮನೆಗೆ ಬಂದು ಗಿರಿಜಾಳ ಮುಂದೆ ಡಬ್ಬ ಸುರಿದೆ. ಬೈಯುತ್ತಾಳೆಂದು ಕಾದೆ. ಅವಳು ಒಂದು ಕಾರ್ಡಿನ ಮೂಲೆ ನೋಡಿ, "ನಂಬರ್ ಐತಲ್ರಿ ಇದ್ರ ಮೇಲೆ. ಉತ್ತರ ಪತ್ರಿಕೆ ಜೋಡಿಸಿದಂಗೆ ಜೋಡಿಸಾಣ, ಕುಂತ್ಕಳ್ರಿ," ಎಂದಳು. ನಡುಮನೆಯ ತುಂಬ ಗುಡ್ಡೆಗಳೆದ್ದವು. ನಾನು ಎರಡು ಗುಡ್ಡೆ ತುಳಿದ ಮೇಲೆ ಅವಳು ನನ್ನನ್ನು ಬಾಗಿಲ ಬಳಿ ಕೂರಿಸಿದಳು. ಎಲ್ಲ ಸರಿಹೊಂದಿತು. ಒಂದು ಕಾರ್ಡು ಮಾತ್ರ ಇರಲಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತಿತ್ತು, ತರುವಂತಿರಲಿಲ್ಲ.

ಮರುದಿನ ಮೂರ್ತಿಗೆ ಟ್ರಂಕ್ ಕಾಲ್ ಮಾಡಿದೆ. ಅವನ ಬಳಿ ಇನ್ನೊಂದು ಪ್ರತಿ ಇತ್ತು. ಆ ಕಾರ್ಡಿನಲ್ಲಿ ಎಲ್ಲೆಲ್ಲಿ ತೂತಿದೆಯೆಂದು ಅವನು ಅಲ್ಲಿಂದ ಕೂಗಿದ, ನಾನು ಇಲ್ಲಿಂದ "ತೂತು ಐತಾ, ಇಲ್ವಾ?" ಎಂದು ಕೂಗಿ ಗುರುತು ಮಾಡಿಕೊಂಡೆ. ನಡುವೆ ಎಕ್ಸ್‌ಚೇಂಜಿನ ಹೆಣ್ಣುಮಗಳು ಬಂದು, "ಟೈಮ್ ಆಯ್ತು ಸಾರ್. ಅಷ್ಟೊಂದು ತೂತಿದ್ರೆ ಹೊಸ ಪಾತ್ರೆನೇ ತಗಳ್ರಿ," ಎಂದಳು.

ಭಾನುವಾರ ಆ ಗುರುತಿನಂತೆ ತೂತು ಹೊಡೆದ ಹೊಸ ಕಾರ್ಡನ್ನು ಸೇರಿಸಿ ಇಡೀ ಕಟ್ಟನ್ನು ಯಂತ್ರಕ್ಕೆ ಉಣಿಸಿದೆ. ಕೋಬಾಲ್ ಕೆಲಸ ಮಾಡಿತು! ನಟ್ಟು, ಬೋಲ್ಟು, ಸಲಿಕೆಗಳ ಪಟ್ಟಿ ಸರಸರ ಅಚ್ಚಾಗಿ ಬಂತು. ಬಸವಲಿಂಗಪ್ಪನವರು ನನ್ನ ಬೆನ್ನು ತಟ್ಟಿ, "ಹಂಗೇ ಹಳೇ ಅದಿರಿನ ಲೆಕ್ಕಾನೂ ಒಂದ್ಸಲ ನಡೆಸ್ರಿ," ಎಂದರು.

ನಡೆಸಿದೆ. ಯಂತ್ರ ಮಿಸುಕಲಿಲ್ಲ. ಹೊಸ ಕಂಪೈಲರನ್ನು ಯಂತ್ರದ ನೆನಪಿನ ತಟ್ಟೆಯಾದ ಡಿಸ್ಕಿನಲ್ಲಿ ಎಲ್ಲಿ ಇಡಬೇಕೆಂದು ಹೇಳುವ ಕಾರ್ಡಿನಲ್ಲಿ ನಾನು ಫೋರ್ಟ್ರಾನಿನ ಜಾಗವನ್ನೇ ಬರೆದಿದ್ದೆ. ಹೊಸ ಬಾಡಿಗೆದಾರ ಹಳಬನನ್ನು ಗುರುತಿಲ್ಲದಂತೆ ಅಳಿಸಿದ್ದ.

"ಏನಪ್ಪ, ಒಂದು ಕಲಿಸಿದ್ರೆ ಒಂದು ಮರೀತೈತೆ," ಎಂದು ಬಸವಲಿಂಗಪ್ಪನವರು ಕುರ್ಚಿಯಲ್ಲಿ ಕುಸಿದರು.

ಪುಣ್ಯಕ್ಕೆ ಫೋರ್ಟ್ರಾನಿನ ಕಾರ್ಡುಗಳು ಬೀರುವಿನಲ್ಲಿದ್ದವು. ಅವುಗಳಿಗೆ ಡಿಸ್ಕಿನಲ್ಲಿ ಖಾಲಿ ಜಾಗವೊಂದನ್ನು ಹುಡುಕಿ ಮತ್ತೆ ಹಾಕಿದೆ. ಈ ಸಲ ಜಾಗದ ಸಂಖ್ಯೆಯನ್ನು ಬಸವಲಿಂಗಪ್ಪನವರೇ ಗಟ್ಟಿಯಾಗಿ ಓದಿ, ನಾನು ಬರೆದದ್ದನ್ನು ತಿದ್ದಿದರು.

ಸೋಮವಾರ ದೊಡ್ಡ ಸಾಹೇಬರು ಬಂದರು. ಮೊದಲು ಅದಿರು, ಆಮೇಲೆ ಉಗ್ರಾಣ, ಮತ್ತೆ ಅದಿರು. ಯಂತ್ರ ಎರಡು ಭಾಷೆಯಲ್ಲೂ ತಡವರಿಸಲಿಲ್ಲ. ಸಾಹೇಬರು ನನ್ನ ಕೈ ಕುಲುಕಿ, "ಯಂತ್ರ ಇಲ್ಲೇ ಇರಲಿ, ನೀವೂ ಇಲ್ಲೇ ಇರಿ," ಎಂದರು. ನಾನು ರಸ್ತೆಯ ನಟ್ಟನಡುವೆ ಎದೆಯುಬ್ಬಿಸಿ ಮನೆಗೆ ನಡೆದೆ. ಗಿರಿಜಾ ಸುದ್ದಿ ಕೇಳಿ ಶಾವಿಗೆ ಪಾಯಸಕ್ಕೆ ಹಾಲು ಕಾಯಿಸಲು ಇಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯ ಕಡಲೆಕಾಯಿ ವ್ಯಾಪಾರಿ ರುದ್ರಪ್ಪನವರು ಹಣ್ಣಿನ ತಟ್ಟೆ ಹಿಡಿದು ಬಂದರು.

"ಯಂತ್ರಕ್ಕೇ ಭಾಷೆ ಕಲಿಸಿದೋರು ನೀವು. ನನಗೆ ಬೊಂಬಾಯಿ ವ್ಯಾಪಾರಕ್ಕೆ ಒಂದೀಟು ಹಿಂದಿ ಬೇಕಾಗೈತೆ. ಹೇಳ್ಕೊಡ್ರಿ," ಎಂದು ನಮಸ್ಕಾರ ಮಾಡಿದರು.

ನಾನು ಗಂಟಲು ಸರಿಮಾಡಿಕೊಂಡೆ. ಒಳಗಿನಿಂದ ಗಿರಿಜಾಳ ದನಿ ಬಂತು. "ಅಣ್ಣಾರೆ, ಅವ್ರು ಹಿಂದಿ ಪರೀಕ್ಷೇಲಿ ಫೇಲ್ ಆದೋರು. ನಾನು ಹೇಳ್ಕೊಡ್ತೀನಿ, ಬರ್ರಿ. ರೀ, ನೀವು ಬಂದು ಈ ಹಾಲು ತಿರುವ್ರಿ."

ರುದ್ರಪ್ಪನವರು ತಟ್ಟೆಯ ಸಮೇತ ಒಳಗೆ ಹೋದರು. ನಾನು ಸೌಟು ಹಿಡಿದೆ. ಹಾಲು ತಳ ಹತ್ತಿತು.