ಪಾಲಾಕ್ಷನ ಲ್ಯಾಪ್‌ಟಾಪಿಗೆ ಜಾಗ ಸಿಕ್ಕಿದ್ದು

ಲ್ಯಾಪ್‌ಟಾಪ್ ಕೊಳ್ಳುವಾಗ ಪಾಲಾಕ್ಷ ನೋಡಿದ್ದು ಒಂದೇ ಒಂದು ವಿಷಯ: ಅದು ತನ್ನ ಕೈಚೀಲದಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು. ಹಿಡಿಯಿತು. ಅದರೊಳಗೆ ಎಷ್ಟು ಹಿಡಿಯುತ್ತದೆ ಎಂದು ಕೇಳುವುದನ್ನು ಮರೆತ. ಆ ಮರೆವಿನ ಫಲ ಮೂರು ವರ್ಷ ತಡವಾಗಿ, ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಬಂದು ನಿಂತಿತು. ಜಾಗ ಸಾಲದು, ಫೈಲು ಉಳಿಸಲಾಗದು ಎಂಬುದು ಅದರ ತಾತ್ಪರ್ಯ.

ಪಾಲಾಕ್ಷ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆದುಕೊಡುವವನು. ಅವನು ಚುಕ್ಕೆ ಚುಕ್ಕೆ ಇಟ್ಟು ಬರೆದ ಚಿತ್ರದ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ತೂತುಗಳ ಪ್ರಕಾರ ಮಗ್ಗದಲ್ಲಿ ಸೆರಗು ಮೂಡುತ್ತದೆ. ಈಗ ಕೈಯಲ್ಲಿದ್ದದ್ದು ಆರು ಮಗ್ಗಗಳ ಯಜಮಾನರಾದ ದೊಡ್ಡಪಾಲಯ್ಯನವರ ಕೆಲಸ. ನಡುವೆ ಗಂಡಭೇರುಂಡ, ಸುತ್ತ ನವಿಲುಗಳು. ಮೂರು ವಾರದ ದುಡಿಮೆ. ಇನ್ನು ನವಿಲುಗಳಿಗೆ ಕಣ್ಣಿಟ್ಟು, ಕಾರ್ಡು ಹೊಡೆಯುವವರಿಗೆ ಬೇಕಾದ ಕೊನೆಯ ಫೈಲು ತೆಗೆದರೆ ಮುಗಿಯಿತು. ಅಷ್ಟಕ್ಕೆ ಜಾಗ ಇಲ್ಲ.

ಅಷ್ಟರಲ್ಲೇ ದೊಡ್ಡಪಾಲಯ್ಯನವರ ಫೋನು ಬಂತು.

“ಏಮಪ್ಪಾ ಪಾಲಾಕ್ಷ, ಈವತ್ತು ಸಂಜೆ ಏಳೂವರೆಗೆ ಫೈಲು ನನ್ನ ಕೈಗೆ ಬರ್ಬೇಕು. ಬರ್ಲಿಲ್ಲಾಂದ್ರೆ ಬೇಜಾರು ಮಾಡ್ಕೋಬೇಡ. ಧರ್ಮಾವರಂನಾಗೆ ಒಬ್ಬಾತ ಕೇಳ್ತಾ ಅವ್ನೆ. ಈ ಮದುವೆ ಸೀಜನ್ ಕೆಲಸ ಪೂರಾ ಅವನಿಗೇ ಕೊಟ್ಬಿಡ್ತೀನಿ.”

ಸೀಜನ್ನಿನ ಕೆಲಸ ಎಂದರೆ ಪಾಲಾಕ್ಷನಿಗೆ ವರ್ಷದ ಊಟ. ಅವನು ಅಳಿಸಲು ಕೂತ. ಸಿನಿಮಾ ಅಳಿಸಿದ, ಹಾಡು ಅಳಿಸಿದ, ಕೊನೆಗೆ ದೊಡ್ಡ ಫೈಲು ಯಾವುದು ಎಂದು ಹುಡುಕಿ ತನ್ನ ಮದುವೆಯನ್ನೂ ಅಳಿಸಿದ. ಕಾಫಿ ತಂದ ಹೆಂಡತಿ ನಿರ್ಮಲಾ ಹಿಂದೆ ನಿಂತು ನೋಡುತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

“ನಮ್ಮ ಮದುವೆ ತೆಗೆದುಬಿಟ್ರಾ?”

“ಮದುವೆ ಅಲ್ಲ ಕಣೆ, ಬರೀ ವಿಡಿಯೋ.”

ನಿರ್ಮಲಾ ಕಾಫಿಯನ್ನು ವಾಪಸು ಒಳಗೆ ತೆಗೆದುಕೊಂಡು ಹೋದಳು. ಅಷ್ಟೆಲ್ಲ ಕಳೆದುಕೊಂಡರೂ ಆ ಡಿಸೈನ್ ಪ್ರೋಗ್ರಾಮು ಇನ್ನೂ ಬೇಕು, ಇನ್ನೂ ಬೇಕು ಎಂದು ಹಟ ಹಿಡಿದು ಕೂತಿತ್ತು. ಪೆನ್‌ಡ್ರೈವ್ ಚುಚ್ಚಿದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದಕ್ಕೆ ಜಾಗ ತನ್ನ ಹೊಟ್ಟೆಯೊಳಗೇ ಬೇಕಂತೆ.

ಅದೇ ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಪ್ರಭು ಬಂದು ನೋಡಿ ದಾರಿ ಹೇಳಿದ. “ಒಳಗೆ ಫೈಲುಗಳನ್ನೆಲ್ಲ ಇಟ್ಕೊಳ್ಳೋ ಎಸ್ಎಸ್‌ಡಿ ಚಿಕ್ಕದಾಯ್ತು. ದೊಡ್ಡದು ಹಾಕ್ಬೇಕು. ಚಳ್ಳಕೆರೆಗೆ ಹೋಗಿ ತಗೊಂಡು ಬಾ. ಹಳೇದ್ರಾಗಿರೋದನ್ನೆಲ್ಲ ಹೊಸದಕ್ಕೆ ಒಂದು ಗಂಟೆಯಾಗೆ ಇಳಿಸಿ ಕೊಡ್ತೀನಿ. ಆದ್ರೆ ಒಂದು ಮಾತು, ಇದು ಪುಟಾಣಿ ಲ್ಯಾಪ್‌ಟಾಪು. ಸಿಕ್ಕಿದ್ದೆಲ್ಲ ಕೂರಲ್ಲ. ಇದೇ ಅಳತೆ, ತುದೀಲಿ ಇದೇ ಕಚ್ಚು ಇರೋದೇ ಆಗ್ಬೇಕು.”

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಚಂದ್ರಣ್ಣ ಕಟ್ಟೆ ಹತ್ತಿ ಬಂದ. ಚಂದ್ರಣ್ಣನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಮೂವತ್ತು ವರ್ಷದಿಂದ ಸ್ಟೀಲು, ಹಿತ್ತಾಳೆ, ತಾಮ್ರಗಳ ನಡುವೆ ಬಾಳಿದವನಾದ್ದರಿಂದ ಜಗತ್ತಿನ ಸಕಲ ವಸ್ತುಗಳೂ ಒಂದಲ್ಲ ಒಂದು ಬಗೆಯ ಪಾತ್ರೆಗಳೇ ಎಂಬುದು ಅವನ ಸಿದ್ಧಾಂತ. ಅವನೇ ತಿರುಪುಳಿ ತಂದ, ಅವನೇ ಸ್ಕ್ರೂ ಬಿಚ್ಚಿದ. ಬಿಚ್ಚಿದ ಸ್ಕ್ರೂಗಳನ್ನು ನಿರ್ಮಲಾಳ ಊಟದ ತಟ್ಟೆಯಲ್ಲಿ ಹಾಕಿದ. ಒಳಗಿಂದ ಅರ್ಧ ಬಿಸ್ಕತ್ತಿನಷ್ಟು ದೊಡ್ಡದಾದ ಒಂದು ಹಸಿರು ತುಂಡು ಹೊರಬಂತು.

ಎದುರು ಮನೆಯ ಯರ್ರಮ್ಮಜ್ಜಿ ಬಗ್ಗಿ ನೋಡಿದಳು. “ಇಷ್ಟೇನಾ? ಮೂರು ವಾರದಿಂದ ಕೂತು ಬರ್ದಿದ್ದೆಲ್ಲ ಇದ್ರಾಗೆ ಐತಾ?”

“ಎಲ್ಲ ಇದ್ರಾಗೇ ಐತೆ ಅಜ್ಜಿ” ಎಂದ ಪಾಲಾಕ್ಷ.

“ಹಂಗಾದ್ರೆ ಜಾಗ ಸಾಲ್ದು ಬಿಡು” ಎಂದು ಅಜ್ಜಿ ತೀರ್ಪು ಕೊಟ್ಟು ಹೋದಳು.

ಲ್ಯಾಪ್‌ಟಾಪನ್ನೇ ಒಯ್ಯೋಣವೆಂದರೆ ಅದರ ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ಮುಚ್ಚಿ ಸ್ಕ್ರೂ ಹಾಕುವಷ್ಟರಲ್ಲಿ ಒಂಬತ್ತೂವರೆಯ ಪ್ರೈವೇಟ್ ಬಸ್ಸು ಹೋಗಿಬಿಡುತ್ತಿತ್ತು. ಪಾಲಾಕ್ಷ ಆ ತುಂಡನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ಹೊರಟ. ಚಂದ್ರಣ್ಣನನ್ನು ಯಾರೂ ಕರೆಯಲಿಲ್ಲ. ಆದರೂ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಅವನೇ ಕೂತಿದ್ದ.

“ನಿನಗೆ ಚೌಕಾಸಿ ಬರಲ್ಲ ಕಣಲೇ. ಚಳ್ಳಕೆರೆಯೋರು ನಿನ್ನ ಮುಖ ನೋಡಿದ್ರೆ ಸಾಕು, ಡಬ್ಬಲ್ ಹೇಳ್ತಾರೆ.”

ಬಸ್ಸಿನಲ್ಲಿ ಚಂದ್ರಣ್ಣ ಸುಮ್ಮನೆ ಕೂರಲಿಲ್ಲ. ಪ್ರಯಾಣದ ಉದ್ದೇಶವನ್ನು ಅಕ್ಕಪಕ್ಕದವರಿಗೆ ವಿವರಿಸಿದ. ಬಿ.ಜಿ. ಕೆರೆಯಲ್ಲಿ ಪಾಲಾಕ್ಷನ ಜೇಬು ಬಿಟ್ಟ ಬೆಂಕಿಪೊಟ್ಟಣ ಹಿಂದಿನ ಸೀಟಿನವರೆಗೂ ಹೋಗಿ, ಎಲ್ಲರ ಕೈಯಲ್ಲೂ ತೆರೆಸಿಕೊಂಡು ಮುಚ್ಚಿಸಿಕೊಂಡು, ಬಸ್ಸು ತಳಕು ಊರು ಮುಟ್ಟುವ ಹೊತ್ತಿಗೆ ವಾಪಸು ಬಂತು. ಅಷ್ಟು ಹೊತ್ತೂ ಪಾಲಾಕ್ಷನ ಜೀವ ಆ ಪೊಟ್ಟಣದ ಹಿಂದೆಯೇ ಓಡಾಡುತ್ತಿತ್ತು. ಈರುಳ್ಳಿ ವ್ಯಾಪಾರಿಯೊಬ್ಬ ಇದು ಮೊಬೈಲಿನದು ಎಂದ. ಕಂಡಕ್ಟರು ಇದು ಚಳ್ಳಕೆರೆಯಲ್ಲಿ ಸಿಗುವುದೇ ಇಲ್ಲ, ಬಳ್ಳಾರಿಗೆ ಹೋಗಬೇಕಿತ್ತು ಎಂದ. ಟಿಕೆಟ್ ಹರಿಯುವ ಮೊದಲು ಅವನು ಅದನ್ನು ಹೇಳಿರಲಿಲ್ಲ.

ಚಳ್ಳಕೆರೆಯಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಗಾಣದ ಮಿಲ್ಲುಗಳ ಕಡೆಯಿಂದ ಕಡಲೆಕಾಯಿ ಎಣ್ಣೆಯ ವಾಸನೆ ಬಿಸಿಲಿನ ಜೊತೆ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಮೊದಲ ಅಂಗಡಿಯವನು ಮಾದರಿಯನ್ನು ನೋಡಲೂ ಇಲ್ಲ. ಎಲೆ ಅಡಿಕೆ ಡಬ್ಬಿಯಷ್ಟು ದೊಡ್ಡದೊಂದನ್ನು ಮೇಜಿನ ಮೇಲೆ ಇಟ್ಟ.

“ಎಸ್ಎಸ್‌ಡಿ ಅಂದ್ರೆ ಇದೇ ಸಾರ್. ಎಲ್ಲದಕ್ಕೂ ಇದೇ ಹಾಕೋದು.”

“ನಂದು ಇಷ್ಟೇ ಐತೆ” ಎಂದು ಪಾಲಾಕ್ಷ ಬೆಂಕಿಪೊಟ್ಟಣ ತೆರೆದು ತೋರಿಸಿದ.

ಚಂದ್ರಣ್ಣನಿಗೆ ಮಾತ್ರ ದೊಡ್ಡದು ಒಪ್ಪಿಗೆಯಾಗಿತ್ತು. “ದೊಡ್ಡದಿದ್ರೆ ಒಳ್ಳೇದಲ್ಲೇನಲೇ? ಜಾಸ್ತಿ ಹಿಡಿಯುತ್ತೆ.”

“ಲ್ಯಾಪ್‌ಟಾಪಿನೊಳಗೆ ಹೋಗಬೇಕಲ್ಲ ಅಣ್ಣ.”

“ಹೊರಗೆ ಕಟ್ಟಿಕೊಂಡ್ರಾಯ್ತು.”

ಎರಡನೆಯ ಅಂಗಡಿಯಲ್ಲಿ ತುಂಡು ತೆಳ್ಳಗಿತ್ತು, ಹಸಿರಾಗಿತ್ತು, ಆದರೆ ಉದ್ದಕ್ಕೆ ಉದ್ದವಿತ್ತು. ಅಂಗಡಿಯವನು ಇದು ಎಂಬತ್ತು ಮಿಲಿಮೀಟರು, ನಿಮ್ಮದು ನಲವತ್ತೆರಡು ಎಂದು ಸ್ಕೇಲು ಇಟ್ಟು ಅಳೆದು ಹೇಳಿದ. ಇಂಥದ್ದೇ ಎಲ್ಲ ಕಡೆ ಸಿಗುವುದು, ನಲವತ್ತೆರಡರದ್ದು ಸಿಗುವುದು ಕಷ್ಟ ಎಂದೂ ಹೇಳಿದ. ಒಳಗೆ ಉದ್ದದ್ದು ಕೂರುವಷ್ಟು ಜಾಗ ಇದ್ದರೂ ಇರಬಹುದೆಂಬ ಆಸೆಯಿಂದ ಪಾಲಾಕ್ಷ ಮನೆಗೆ ಫೋನ್ ಮಾಡಿದ. ನಿರ್ಮಲಾ ಬೆಳಗಿನ ಮದುವೆಯ ಸಿಟ್ಟಿನಲ್ಲೇ ರವಿಕೆ ಅಳೆಯುವ ಟೇಪು ತಂದು ಅಳೆದಳು.

“ಒಂದೂಮುಕ್ಕಾಲು ಇಂಚಿಗೆ ಒಂದು ಗೋಡೆ ಬರುತ್ತೆ. ಅದರಾಚೆ ಬ್ಯಾಟರಿ.”

“ಸರಿ ಬಿಡು.”

“ಏನ್ರಿ, ತಟ್ಟೇಲಿ ಸ್ಕ್ರೂ ಎಷ್ಟಿತ್ತು?”

“ಹನ್ನೊಂದು. ಯಾಕೆ?”

“ಏನಿಲ್ಲ” ಎಂದು ಅವಳು ಫೋನಿಟ್ಟಳು.

ಪಾಲಾಕ್ಷನಿಗೆ ತಲೆ ಬಿಸಿಯಾಯಿತು. ಇತ್ತ ಚಂದ್ರಣ್ಣ ಅಂಗಡಿಯವನಿಗೆ ಆ ಎಂಬತ್ತನ್ನು ನಲವತ್ತೆರಡಕ್ಕೆ ಕತ್ತರಿಸಿಕೊಡಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳುತ್ತಿದ್ದ. ಅಂಗಡಿಯವನು ಫ್ಯಾನು ನೋಡುತ್ತಿದ್ದ.

ಮೂರನೆಯ ಅಂಗಡಿಯಲ್ಲಿ ನಲವತ್ತೆರಡೇ ಸಿಕ್ಕಿತು. ಪಾಲಾಕ್ಷನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಚಂದ್ರಣ್ಣ ಅವನನ್ನು ಪಕ್ಕಕ್ಕೆ ಸರಿಸಿ ಚೌಕಾಸಿಗೆ ಇಳಿದ. ಮುಕ್ಕಾಲು ಗಂಟೆ ನಡೆಯಿತು. ಚಂದ್ರಣ್ಣ ಎರಡು ಸಲ ಅಂಗಡಿ ಬಿಟ್ಟು ಇಳಿದು ರಸ್ತೆಯವರೆಗೆ ಹೋದ. ಎರಡು ಸಲವೂ ಅಂಗಡಿಯವನು ಕರೆಯಲಿಲ್ಲವಾದ್ದರಿಂದ ತಾನೇ ವಾಪಸು ಬಂದ. ಕೊನೆಗೆ ಬೆಲೆ ಕುದುರಿ, ದುಡ್ಡು ಎಣಿಸುವ ಹೊತ್ತಿಗೆ ಪಾಲಾಕ್ಷ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಹಳೆಯದರ ತುದಿಯಲ್ಲಿ ಎರಡು ಕಚ್ಚುಗಳಿದ್ದವು. ಹೊಸದರಲ್ಲಿ ಒಂದೇ.

“ಇದು ಎನ್‌ವಿಎಂಇ ಸಾರ್, ಭಾರೀ ಸ್ಪೀಡು. ನಿಮ್ಮದು ಸಾಟಾ, ಹಳೇ ಕಾಲದ್ದು” ಎಂದ ಅಂಗಡಿಯವನು.

“ನಂದರಾಗೆ ಕೂರುತ್ತಾ?”

“ಕೂರಲ್ಲ. ಆದ್ರೆ ಸ್ಪೀಡು.”

ಪಾಲಾಕ್ಷ ರಸ್ತೆಗೆ ಬಂದು ಒಂದು ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ ಕೂತ. ಮೂರು ವಾರ ಕಣ್ಣು ಕೀಲಿಸಿ ನವಿಲಿನ ಗರಿ ಗರಿ ಬರೆದವನು ಒಂದು ಕಚ್ಚಿಗಾಗಿ ಕೆಲಸ ಕಳೆದುಕೊಳ್ಳುವುದೇ? ಧರ್ಮಾವರದ ಆ ಕಾಣದ ಮನುಷ್ಯನ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂತು. ಚಂದ್ರಣ್ಣನ ಮೇಲೂ ಬಂತು; ಆದರೆ ಅವನು ಎರಡು ಎಳನೀರು ಹಿಡಿದು ಬರುತ್ತಿದ್ದುದರಿಂದ ಬೈಯಲು ಆಗಲಿಲ್ಲ.

ಊಟ ಮಾಡಿ, ಕೇಳಿ ಕೇಳಿ, ಪಾವಗಡ ರಸ್ತೆಯ ಕಡೆ ಒಂದು ಸಣ್ಣ ರಿಪೇರಿ ಅಂಗಡಿ ಇದೆ ಎಂದು ತಿಳಿದು ಅಲ್ಲಿಗೆ ಹೋದಾಗ ನಾಲ್ಕು ಗಂಟೆ. ದಪ್ಪ ಕನ್ನಡಕದ ಯಜಮಾನರು ಬೆಂಕಿಪೊಟ್ಟಣದಿಂದ ತುಂಡನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಕಪಾಟಿನ ಮೇಲಿನ ಅರೆಯಿಂದ ಒಂದು ಪೆಟ್ಟಿಗೆ ತೆಗೆದರು. ಅದೇ ಅಳತೆ. ಅವೇ ಎರಡು ಕಚ್ಚು. ಒಳಗೆ ಹಿಡಿಯುವುದು ಹಳೆಯದರ ನಾಲ್ಕರಷ್ಟು.

“ಸಾಟಾನೇನ್ರಿ?”

“ಸಾಟಾನೇ. ಕೂರುತ್ತೆ. ಕೂರಲಿಲ್ಲಾಂದ್ರೆ ತಂದುಕೊಡಿ.”

ಬೆಳಗಿನಿಂದ ಇಷ್ಟು ನೇರವಾದ ಮಾತು ಪಾಲಾಕ್ಷನ ಕಿವಿಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ಗಡಿಯಾರ ನೋಡಿದರೆ ನಾಲ್ಕೂಕಾಲು. ನಾಲ್ಕೂವರೆಯ ಬಸ್ಸು ತಪ್ಪಿದರೆ ಏಳೂವರೆಗೆ ಊರಲ್ಲಿ ಫೈಲು ಇರುವುದಿಲ್ಲ. ಅವನು ಚಂದ್ರಣ್ಣನ ಕೈಗೆ ದುಡ್ಡು ತುರುಕಿದ.

“ಅಣ್ಣ, ನೀನು ದುಡ್ಡು ಕೊಟ್ಟು ಬಿಲ್ ಹಾಕಿಸ್ಕೊಂಡು ಬಾ. ನಾನು ಓಡಿ ಬಸ್ ನಿಲ್ಲಿಸ್ತೀನಿ. ಚೌಕಾಸಿ ಮಾತ್ರ ಬೇಡ, ಕೈ ಮುಗೀತೀನಿ.”

ಬಸ್ಸು ಹೊರಡುವ ಹೊತ್ತಿಗೆ ಚಂದ್ರಣ್ಣ ಆಟೋದಲ್ಲಿ ಬಂದು ಇಳಿದ. ಬೆವರಿನಲ್ಲಿ ತೊಯ್ದಿದ್ದರೂ ಮುಖ ಹಿತ್ತಾಳೆ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಪೆಟ್ಟಿಗೆಯನ್ನೂ ಆರುನೂರು ರೂಪಾಯಿಯನ್ನೂ ಪಾಲಾಕ್ಷನ ತೊಡೆಯ ಮೇಲೆ ಇಟ್ಟ.

“ಬಾಯಿ ಬಿಟ್ಟು ಚೌಕಾಸಿ ಮಾಡ್ಲಿಲ್ಲ ಕಣಲೇ. ಹಂಗೂ ಆರುನೂರು ಇಳಿಸಿದೆ.”

ಬೆಳಗಿನಿಂದ ಮೊದಲ ಬಾರಿಗೆ ಪಾಲಾಕ್ಷನಿಗೆ ಚಂದ್ರಣ್ಣನ ಮೇಲೆ ಪ್ರೀತಿ ಉಕ್ಕಿತು. ಇಂಥ ನೆರೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡ. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಹಾನಗಲ್ಲಿನವರೆಗೂ ನಿದ್ದೆ ಮಾಡಿದ.

ಆರು ಗಂಟೆಗೆ ನೇರ ಪ್ರಭುವಿನ ಸೆಂಟರಿಗೆ ಹೋದರು. ನಿರ್ಮಲಾ ಲ್ಯಾಪ್‌ಟಾಪನ್ನೂ ತಟ್ಟೆಯನ್ನೂ ತಂದು ಕಾಯುತ್ತಿದ್ದಳು. ಹನ್ನೊಂದನೆಯ ಸ್ಕ್ರೂ ಯರ್ರಮ್ಮಜ್ಜಿಯ ಸೆರಗಿನಲ್ಲಿ ಸಿಕ್ಕಿಕೊಂಡು ಹೋಗಿದ್ದು ಮಧ್ಯಾಹ್ನವೇ ಪತ್ತೆಯಾಗಿತ್ತಂತೆ. ಪ್ರಭು ಹೊಸ ತುಂಡನ್ನು ಒಳಗೆ ಇಟ್ಟು ಒತ್ತಿದ. ಟಕ್ ಎಂದು ಕೂತಿತು. ಪಾಲಾಕ್ಷ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟ.

“ಹೇಳಿ ಮಾಡಿಸಿದಂಗೈತೆ” ಎಂದು ಪ್ರಭು ಕೈ ಚಾಚಿದ. “ಹಳೇದು ಕೊಡು. ಇಳಿಸಿಬಿಡಾಣ.”

ಪಾಲಾಕ್ಷ ಜೇಬು ಮುಟ್ಟಿಕೊಂಡ. ಆಮೇಲೆ ಚಂದ್ರಣ್ಣನ ಕಡೆ ತಿರುಗಿದ. “ಅಣ್ಣ, ಆ ಬೆಂಕಿಪೊಟ್ಟಣ ಎಲ್ಲಿ?”

“ಪೊಟ್ಟಣ ಇಲ್ಲೈತೆ ತಗೋ.”

ಪೊಟ್ಟಣ ಖಾಲಿ ಇತ್ತು.

“ಒಳಗಿದ್ದದ್ದು?”

ಚಂದ್ರಣ್ಣನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹಳೇದು ಹಾಕದೆ ಯಾರಾದ್ರೂ ಹೊಸಾದು ತಗೊಳ್ತಾರೇನಲೇ? ನಮ್ಮಂಗಡಿಗೆ ಬಂದೋರು ಹಳೇ ಬಿಂದಿಗೆ ಹಾಕಿ ತಾನೆ ಹೊಸಾದು ಒಯ್ಯೋದು. ನಾನು ಕೇಳಿದೆ, ಆತನೂ ಒಪ್ಪಿದ. ಆರುನೂರು ಮತ್ತೆ ಎಲ್ಲಿಂದ ಬಂತು ಅಂದ್ಕೊಂಡೆ?”

“ಅದ್ರಾಗೇ ಅಲ್ವೇನ್ರಿ ಅಣ್ಣ, ಇವರು ಬರ್ದಿದ್ದೆಲ್ಲ ಇದ್ದಿದ್ದು” ಎಂದು ನಿರ್ಮಲಾ ಹೇಳಿದಳು. ಚಂದ್ರಣ್ಣನ ಮುಖ ನಿಧಾನವಾಗಿ ಕಂದಿತು. ಬಿಂದಿಗೆ ಹಾಕುವಾಗ ಒಳಗಿನ ನೀರು ಚೆಲ್ಲಬೇಕೆಂಬುದು ಅವನಿಗೆ ಗೊತ್ತಿತ್ತು. ಇದರೊಳಗೆ ನೀರಿದೆ ಎಂದು ಅವನ ತಲೆಗೆ ಹೊಳೆದಿರಲಿಲ್ಲ.

ಪ್ರಭು ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

“ಹಳೇದಾ? ಇಲ್ಲೇ ಐತಲ್ಲ ಸಾರ್. ಯಾರಿಗೂ ಮಾರಿಲ್ಲ” ಎಂದರು ಕನ್ನಡಕದ ಯಜಮಾನರು.

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಚಂದ್ರಣ್ಣ, ಈಗಲೇ ಯಾರದಾದರೂ ಬೈಕ್ ಕೇಳಿ ಹೊರಡುತ್ತೇನೆ, ಎರಡು ಗಂಟೆಯೊಳಗೆ ತಂದುಕೊಡುತ್ತೇನೆ, ದೊಡ್ಡಪಾಲಯ್ಯನವರ ಕಾಲಿಗೆ ಬಿದ್ದು ಅಷ್ಟು ಹೊತ್ತು ಕಾಯಲು ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದ.

“ನೀವೇನೂ ಹೆದರ್ಬೇಡಿ ಸಾರ್” ಎಂದು ಫೋನು ಮುಂದುವರಿಸಿತು. “ಗಿರಾಕಿಗಳ ಫೈಲು ಇನ್ನೊಬ್ಬರ ಕೈಗೆ ಹೋಗ್ಬಾರ್ದು. ಅದಕ್ಕೇ ನಮ್ಮಲ್ಲಿ ಹಳೇದು ಬಂದ ತಕ್ಷಣ ಅಳಿಸೋದೇ ಮೊದಲ ಕೆಲಸ. ಪೂರ್ತಿ ಅಳಿಸಿದೀನಿ. ಯಾರು ಏನೇ ಮಾಡಿದ್ರೂ ಒಂದು ಚೂರೂ ವಾಪಸ್ ಬರಲ್ಲ. ಅದಕ್ಕೆ ನಾನು ಗ್ಯಾರಂಟಿ.”

ಪ್ರಭು ಫೋನ್ ಆರಿಸಿದ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಗಿ, ದೊಡ್ಡಪಾಲಯ್ಯನವರು ಪಂಚೆ ಸರಿಮಾಡಿಕೊಳ್ಳುತ್ತ ಒಳಗೆ ಬಂದರು. ಬೆನ್ನು ತೆರೆದ ಲ್ಯಾಪ್‌ಟಾಪನ್ನೂ, ಅದರಲ್ಲಿ ಕೂತ ಹೊಸ ತುಂಡನ್ನೂ ನೋಡಿ ಅವರಿಗೆ ಸಮಾಧಾನವಾಯಿತು.

“ಬೆಳಿಗ್ಗೆಯಿಂದ ಜಾಗ ಇಲ್ಲ, ಜಾಗ ಇಲ್ಲ ಅಂತ ಒದ್ದಾಡ್ತಿದ್ಯಂತೆ. ಈಗ ಆಯ್ತೇನಪ್ಪ ಜಾಗ?”

“ಆಯ್ತು ಯಜಮಾನ್ರೆ” ಎಂದ ಪಾಲಾಕ್ಷ. “ಈಗ ಬರೀ ಜಾಗಾನೇ ಇರೋದು.”