ಕೊಪ್ಪರಿಗೆ ಅನ್ವೇಷಣ ಪರ್ವ

ಕೇಳು, ಓ ಸಹೃದಯನೆ! ಶ್ರೀಮತ್ಕಲಿಯುಗದ ಪ್ರಥಮ ಪಾದದಲ್ಲಿ, ತುಂಗಭದ್ರೆಗೆ ಉತ್ತರದ ಗದುಗೆಂಬ ಪುರದಲ್ಲಿ, ಮಾನವರು ತಂತಿಯನ್ನು ತೊರೆದು ಗಾಳಿಯನ್ನೇ ನಂಬಿ ಕೆಟ್ಟ ಆ ಮಹಾಕಾಲದಲ್ಲಿ, ಬಾಡಿಗೆಪಾತ್ರೆಗಳ ಅಂಗಡಿಯ ಅಟ್ಟವೇರಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಕುಳಿತಿದ್ದ ಸಹಸ್ರತಾಟಪಾಲಕ, ಶತಸೌಟುನಾಯಕ, ಕುರ್ಚಿಕೋಟಿಪ್ರತಾಪ ಗುರುಶಿದ್ದಪ್ಪನ ಕಥೆಯನ್ನು ಹಾಡುವೆನು.

ಕೆಳಗೆ ಗಲ್ಲಾಪೀಠದಲ್ಲಿ ಅವನ ಅಣ್ಣನ ಹೆಂಡತಿ, ಜಾರುವ ಗಿರಾಕಿಯನ್ನು ಕಣ್ಣಿನಿಂದಲೇ ಕಟ್ಟಿಹಾಕುವ ಗಂಗವ್ವ. ಯಾವ ಪಾತ್ರೆ ಯಾರ ಮನೆಗೆ ಹೋಯಿತೆಂಬ ಸಕಲಜ್ಞಾನಗರ್ಭಿತ ಡೇಟಾಬೇಸ್ ಇದ್ದದ್ದು ಅವಳ ಕಂಪ್ಯೂಟರಿನಲ್ಲಿ; ಮೈದುನ ಅದನ್ನೇ ಮೇಲಿನಿಂದ ವೈಫೈ ಮಾರ್ಗವಾಗಿ ತೆರೆದು ಬರೆಯುತ್ತಿದ್ದ. ನಡುವೆ ಒಂದು ತಂತಿ ಎಳೆಸೆಂದು ತಿಳಿದವರು ಹೇಳಿದಾಗ ಅವನು ಅತ್ತಿಗೆಯತ್ತ ತಿರುಗಿ ಗರ್ಜಿಸಿದ್ದನು:

“ವೈನೀ, ಈ ಗುರುಶಿದ್ದ ಉಸಿರಾಡೂತನಕಾ ಈ ಅಂಗಡಿಯಾಗ ತಂತಿ ಹಾಯೂದಿಲ್ಲ! ಹನುಮಪ್ಪ ಸಮುದ್ರ ಹಾರುಮುಂದ ತಂತಿ ಕಟಗೊಂಡಿದ್ನೇನು?”

ಅಂದು ವಧುಪಿತ ಮಲ್ಲೇಶಪ್ಪನು ಟೆಂಪೊಸಮೇತ ದಂಡೆತ್ತಿ ಬಂದನು. ಗೋದಿ ನೆನೆದಿತ್ತು, ಒಲೆ ಹತ್ತಿತ್ತು, ಬೀಗರು ಬಸ್ಸಿಳಿದಿದ್ದರು. ಹುಗ್ಗಿಗೆಂದು ಮೊದಲೇ ಹೇಳಿಟ್ಟಿದ್ದ ದೊಡ್ಡ ಕೊಪ್ಪರಿಗೆ ಮಾತ್ರ ಕಾಣದು. ಹುಗ್ಗಿಯಿಲ್ಲದೆ ಬೀಗರು ಊಟದಿಂದೆದ್ದರೆ ಮಗಳು ಜೀವಮಾನವಿಡೀ ಆ ಮಾತು ಕೇಳಬೇಕು.

“ಯವ್ವಾ, ಕೊಪ್ಪರಿಗಿ ಎಲ್ಲೈತಿ, ಅಷ್ಟ ಹೇಳ್ರಿ.”

“ತಡೀರಿ, ಕಂಪ್ಯೂಟರ್ ಹೇಳತೈತಿ,” ಎಂದಳು ಗಂಗವ್ವ.

ಅದೇ ಕ್ಷಣದಲ್ಲಿ ಅಟ್ಟದ ಮೇಲೆ, ಮೊನ್ನೆಯಿಂದ ಬಿಕ್ಕುತ್ತಿದ್ದ ವೈಫೈ ಕಡಿಯಿತು. ಗುರುಶಿದ್ದಪ್ಪನು ಅರ್ಧ ಬರೆದದ್ದು ಗಾಳಿಯಲ್ಲೇ ನಿಂತಿತು. ಡೇಟಾಬೇಸ್ ಮುರಿದು ಕೆಳಗಿನ ಕಂಪ್ಯೂಟರೂ ಮುಖ ತಿರುವಿತು. ಅತ್ತಿಗೆ ದುರಸ್ತಿ ಮಾಡಿದೊಡನೆ ಇವನು ಮೇಲಿನಿಂದ ಕೈ ಹಾಕುವನು, ಮತ್ತೆ ಮುರಿಯುವುದು. ಲ್ಯಾಪ್‌ಟಾಪನ್ನು ತಲೆಯ ಮೇಲೆತ್ತಿ ಕಿಟಕಿಗೆ ಧಾವಿಸಿದ, ತಾಟಿನ ಗುಡ್ಡವೇರಿದ, ಮನೆದೇವರಿಗೆ ಕಾಯಿ ಹರಕೆ ಹೊತ್ತ. ಸಿಗ್ನಲಿನ ಮನ ಕರಗಲಿಲ್ಲ.

“ವೈನೀ, ವೈಫೈ ಡಬ್ಬಿ ಆಫ್ ಮಾಡಿ ಆನ್ ಮಾಡ್ರಿ!”

“ಅದರ ಮ್ಯಾಲೆ ಪಾತ್ರಿ ಡಬ್ಬು ಹಾಕೇನೋ! ಒಬ್ಬಾಕಿ ಕೈಲೆ ಎತ್ತಾಕ ಆಗೂದಿಲ್ಲ, ಬಾ ಕೆಳಗ!”

ಹಲ್ಲಿ ಬೀಳುವುದು ಅಪಶಕುನ; ಅನ್ನ ಕೊಡುವ ಡಬ್ಬಿಯ ಮೇಲೆ ಬಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಗಂಗವ್ವ ಮೊನ್ನೆ ಕಣ್ಣಿಗೆ ಬಿದ್ದ ಪಾತ್ರೆಯೊಂದನ್ನು ಆಳುಗಳ ಕೈಯಿಂದ ಅದರ ಮೇಲೆ ಕವುಚಿಸಿದ್ದಳು.

ಅಟ್ಟದಿಂದ ವೀರನಿಳಿದನು. ಇಬ್ಬರೂ ಆಚೀಚೆ ಹಿಡಿದು, “ಹರ ಹರ” ಎಂದು ಎತ್ತಿ, ಏದುಸಿರು ಬಿಡುತ್ತ ಅದನ್ನು ಅಂಗಡಿಯ ನಡುವಿಗೆ ತಂದರು.

“ಸರೀರಿ ಯಜಮಾನ್ರ!” ಎಂದು ಗುರುಶಿದ್ದಪ್ಪನು ಗುಡುಗಿದನು. “ಈಗ ಸಿಗ್ನಲ್ ಬರತೈತಿ. ನಿಮ್ಮ ಕೊಪ್ಪರಿಗಿ ಪಾತಾಳದಾಗಿದ್ರೂ ಹುಡುಕಿ ಕೊಡತೇನಿ!”

ಮಲ್ಲೇಶಪ್ಪನು ಅವರಿಬ್ಬರ ಕೈಯಲ್ಲಿದ್ದುದನ್ನು ನೋಡಿದನು.

“ತಮ್ಮಾ, ಅದನ್ನ ಹಂಗ ಟೆಂಪೊದಾಗ ಇಡು.”

ಟೆಂಪೊ ಹೋಯಿತು, ಹುಗ್ಗಿ ಬೆಂದಿತು. ಸಿಗ್ನಲ್ ತುಂಬಿ ಬಂದಿತು. ವಿಜಯೋನ್ಮತ್ತನಾದ ವೀರನು ಮರಳಿ ಅಟ್ಟವೇರಿ, ಕೊಪ್ಪರಿಗೆ ಮಲ್ಲೇಶಪ್ಪನ ಮನೆಗೆ ಹೋಯಿತೆಂದು ಬರೆಯತೊಡಗಿದನು.

ಕೆಳಗೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಗಂಗವ್ವ ಕೃಷ್ಣ ಕೃಷ್ಣ ಎಂದು ನೆಲ ಕುಟ್ಟಿ, ಸುತ್ತ ನೋಡಿ, ಪಕ್ಕದಲ್ಲಿದ್ದ ಸ್ಟೀಲಿನ ಬೋಗುಣಿಯನ್ನು ಡಬ್ಬಿಯ ಮೇಲೆ ಕವುಚಿದಳು.

“ವೈನೀ, ಮತ್ತ ಹೋತು!”