ಮಾದಪ್ಪನವರ ಇಂಜಿನ್ನು, ನನ್ನ ಕಪಿಲಾ ಸೇತುವೆ

ಮೂವತ್ತು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನಿಗೆ ಒಂದು ಪುಟ್ಟ ರೈಲು ಮಾಡಿಸುವುದು ಯಾವ ಮಹಾ ಕೆಲಸ? ಹೀಗೆಂದುಕೊಂಡೇ ನಾನು ಕೈಹಾಕಿದ್ದು. ಉಗಿ ಇಂಜಿನ್ನಿನ ಕಾಲದ ನಮ್ಮ ನಂಜನಗೂಡು ರೈಲು ಕಪಿಲಾ ನದಿಯ ಸೇತುವೆ ದಾಟಬೇಕು. ಅದೂ ನಮ್ಮ ಮನೆಯ ದಸರಾ ಗೊಂಬೆಗಳ ಮುಂದೆ, ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲದಂತೆ. ಇಷ್ಟೇ!

"ಅದು ನಾನು ರಾಗಿ ಪೈರು ಹಾಕಿ ಪಾರ್ಕ್ ಮಾಡೋ ಜಾಗ ಕಣ್ರೀ," ಎಂದಳು ನನ್ನ ಹೆಂಡತಿ ಗಿರಿಜ.

"ಈ ವರ್ಷ ಒಂದು ಸಲ ಬಿಟ್ಟುಕೊಡು. ಇದು ಆಟ ಅಲ್ಲ, ಸಂಶೋಧನೆ."

"ಹೋದ ವರ್ಷ ಮಿಕ್ಸಿ ಬಿಚ್ಚಿ ಹರಡಿಕೊಂಡಾಗಲೂ ಹೀಗೇ ಅಂದಿದ್ರಿ."

ಆದರೂ ಬಿಟ್ಟುಕೊಟ್ಟಳು. ನಾನು ಸಂಗ್ರಹ ಶುರುಮಾಡಿದೆ. ಹಳೇ ರಟ್ಟಿನ ಟಿಕೆಟ್ಟು ಒಂದು ಸಿಕ್ಕಿತು. ಗುಜರಿ ಅಂಗಡಿಯಿಂದ 'ಗಾರ್ಡ್ ಹಿಡಿಯುತ್ತಿದ್ದ ದೀಪ'ವನ್ನು ಬೀಗುತ್ತಾ ತಂದೆ. ಅದು ಯಾರದೋ ಕೊಟ್ಟಿಗೆಯ ಲಾಟೀನು ಎಂದು ಗಿರಿಜ ಎರಡೇ ನಿಮಿಷದಲ್ಲಿ ಪತ್ತೆ ಹಚ್ಚಿದಳು. ಬೋಗಿಗಳ ಬಣ್ಣ ಯಾವುದೆಂದು ಊರಿನ ಮೂವರು ಹಿರಿಯರನ್ನು ವಿಚಾರಿಸಿದೆ. ಒಬ್ಬರು ಕೆಂಪು ಎಂದರು, ಇನ್ನೊಬ್ಬರು ಹಸಿರು ಎಂದರು. ಮೂರನೆಯವರು, "ಆ ಹೊಗೇಲಿ ಯಾರಿಗೆ ಕಾಣ್ತಿತ್ತು?" ಎಂದುಬಿಟ್ಟರು.

ಕೊನೆಗೆ ಟಿ. ನರಸೀಪುರದ ಮಾದಪ್ಪನವರ ವಿಷಯ ತಿಳಿಯಿತು. ಆ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್ ಅವರು. ಆ ಊರಿಗೆ ಇವತ್ತಿಗೂ ರೈಲಿಲ್ಲ. ರೈಲಿನ ಇತಿಹಾಸ ಹುಡುಕಿಕೊಂಡು ಬಸ್ಸಿನಲ್ಲಿ ನಿಂತುಕೊಂಡು ಹೋದೆ.

ಮಾದಪ್ಪನವರಿಗೆ ಇಂಜಿನ್ನಿನ ಒಂದೊಂದು ಅಳತೆಯೂ ಬಾಯಿಪಾಠ. ತಮ್ಮ ಬೀದಿಯ ಬಡಗಿಯ ಪಕ್ಕದಲ್ಲೇ ಕೂತು, ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಬ್ಯಾಟರಿಯ ಮೋಟಾರು ಕೂರಿಸಿದ ಇಂಜಿನ್ನು ಮಾಡಿಸಿ ತರುತ್ತೇನೆಂದು ಒಪ್ಪಿಕೊಂಡರು. ಆಮೇಲೆ, "ಸಾಯದ್ರೊಳ್ಗೆ ಆ ಗಾಡಿ ಇನ್ನೊಂದ್ ಸಲ ಕಪಿಲೆ ದಾಟೋದ್ನ ನೋಡ್ಬೇಕು ಸಾ," ಎಂದರು.

ನೋಡಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟೆ.

"ಕಂಬಿ ಅಳ್ತೆನೂ ನಾನೇ ಯೋಳ್ಲಾ?" ಎಂದು ಕೇಳಿದರು.

"ಬೇಡ ಮಾದಪ್ಪನವರೇ. ಕಂಬಿ ನಮ್ಮೂರಲ್ಲೇ ಇದೆಯಲ್ಲ, ಕಣ್ಣಾರೆ ನೋಡಿ ಅಳೆದುಕೊಳ್ತೀನಿ. ಸಂಶೋಧನೆ ಅಂದರೆ ಅದೇ!"

ಮಾರನೇ ದಿನವೇ ಲೆವೆಲ್ ಕ್ರಾಸಿಂಗಿಗೆ ಹೋದೆ. ಗಾಡಿ ಬರುವ ಹೊತ್ತಲ್ಲವೆಂದು ಖಾತ್ರಿ ಮಾಡಿಕೊಂಡು, ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತೆ. ಐದೂವರೆ ಅಡಿ! ಅನುಮಾನ ಬೇಡವೆಂದು ಮೂರು ಸಲ ಅಳೆದೆ. ಮೂರು ಸಲವೂ ಐದೂವರೆಯೇ. ಹಲಗೆಯ ಸೇತುವೆ ಮಾಡಿ, ಅದರ ಮೇಲೆ ಎರಡೂಮುಕ್ಕಾಲು ಇಂಚಿನ ಅಂತರದಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದೆ. ಕೆಳಗೆ ನೀಲಿ ಬಟ್ಟೆಯ ಕಪಿಲೆ ಹರಿದಳು.

ನವರಾತ್ರಿಯ ಮೊದಲ ದಿನ ಸಂಜೆ ಮಾದಪ್ಪನವರು ಒಗೆದ ಪಂಚೆಯುಟ್ಟು, ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿಳಿದರು. ಬೀದಿಯ ಹೆಂಗಸರೆಲ್ಲ ಆರತಿಗೆ ಸೇರಿದ್ದರು. ಚರಿತ್ರೆಯ ಪುನರುತ್ಥಾನದ ಬಗ್ಗೆ ಎರಡು ಮಾತಾಡಿದೆ. ಕಡಲೆಕಾಳು ಉಸಲಿ ಆರುತ್ತಿದೆ ಎಂದು ಗಿರಿಜ ಸನ್ನೆ ಮಾಡಿದಳು. ಮಾದಪ್ಪನವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇಂಜಿನ್ನನ್ನು ಕಂಬಿಯ ಮೇಲಿಟ್ಟು ಸ್ವಿಚ್ ಒತ್ತಿದೆ.

ದಡಕ್! ಇಂಜಿನ್ನು ಎರಡು ಕಂಬಿಗಳ ನಡುವೆ ಕುಸಿದು ಕೂತು, ಅಲ್ಲೇ ಚಕ್ರ ತಿರುಗಿಸತೊಡಗಿತು.

"ಬಡಗಿಯ ಅಳತೆ ತಪ್ಪಿದೆ," ಎಂದು ಕೂಡಲೇ ತೀರ್ಪು ಕೊಟ್ಟೆ.

ಮಾದಪ್ಪನವರು ಬಗ್ಗಿ ಕಂಬಿಯನ್ನು ನೋಡಿದರು. "ಮೇಷ್ಟ್ರೇ, ಇದು ಎಲ್ ಅಳ್ದಿದ್ದು?"

"ಕ್ರಾಸಿಂಗಿನಲ್ಲಿ. ಮೂರು ಸಲ."

"ಅದು ಈಗಿನ್ ಬ್ರಾಡ್‌ಗೇಜು ಕಣ್ ಸಾ! ನಮ್ ಗಾಡೀದು ಮೀಟರ್‌ಗೇಜು, ಮೂರೂಕಾಲಡಿ. ಆ ಕಂಬಿ ಕಿತ್ತಾಕಿ ಎಷ್ಟೋ ವರ್ಸ ಆಯ್ತಲ್ಲಾ! ನೀವೂ ಅದೇ ಗಾಡೀಲೇ ಮೈಸೂರ್ಗೆ ಇಸ್ಕೂಲ್‌ಗೆ ಓಗ್ತಿದ್ರಂತೆ? ಒಂದ್ ದಿನಾನೂ ಕೆಳಕ್ ನೋಡ್ಲಿಲ್ವಾ?"

"ನೋಡೋಕೆ ಎಚ್ಚರ ಇದ್ದರೆ ತಾನೇ? ಹತ್ತಿದ ತಕ್ಷಣ ನಿದ್ದೆ ಹೋಗ್ತಿದ್ರು," ಎಂದು ಗಿರಿಜ ಇಡೀ ಬೀದಿಯ ಮುಂದೆ ಸಾಕ್ಷಿ ಹೇಳಿದಳು.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ನಗುವಿನ ಬಗ್ಗೆ ಚಿಂತೆಯಿರಲಿಲ್ಲ. ಎದುರಿಗೆ ಮಾದಪ್ಪನವರ ಮುಖ ಬಾಡಿತ್ತು. ಅದನ್ನು ನೋಡಲಾಗದೆ ತಲೆ ತಗ್ಗಿಸಿದೆ.

ಗಿರಿಜ ಒಳಗೆ ಹೋಗಿ ಇಕ್ಕಳ ತಂದಳು. ಎರಡು ತಿಂಗಳ ನನ್ನ ಸಂಶೋಧನೆಯನ್ನು ಎರಡೇ ನಿಮಿಷದಲ್ಲಿ ಮೊಳೆಸಮೇತ ಕಿತ್ತು ಮೂಲೆಗಿಟ್ಟು, "ಈಗ ಬಿಡಿ ಮಾದಪ್ಪನೋರೇ," ಎಂದಳು.

ಮಾದಪ್ಪನವರು ಮಂಡಿಯೂರಿ, ಬರೀ ಹಲಗೆಯ ಮೇಲೆ ಇಂಜಿನ್ನನ್ನು ಮೆಲ್ಲಗೆ ಕೈಯಿಂದಲೇ ತಳ್ಳಿದರು. ಸೇತುವೆಯ ಅಂಚಿಗೆ ಬಂದಾಗ ಬಾಯಲ್ಲೇ ಉದ್ದಕ್ಕೆ ಕೂಗು ಹಾಕಿದರು. ಗೊಂಬೆಗಳ ಜೊತೆ ಹೆಂಗಸರೂ ಗೊಂಬೆಗಳ ಹಾಗೆ ನಿಂತುಬಿಟ್ಟರು. ಆಚೆ ದಡ ಮುಟ್ಟಿದ ಮೇಲೆ, "ದಾಟ್ತು ಕಣವ್ವಾ," ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು.

ಉಸಲಿ ತಿಂದು ಹೊರಡುವಾಗ ಗಿರಿಜಳನ್ನು ಪಕ್ಕಕ್ಕೆ ಕರೆದು, "ನಾಳೀಕೂ ಬತ್ತೀನಿ ಕಣವ್ವಾ. ಅಲ್ಲೀಗಂಟ ಮೇಷ್ಟ್ರು ಏನೂ ರಿಪೇರಿ ಮಾಡ್ದಂಗೆ ನೋಡ್ಕೊ," ಎಂದರು.

ಅವಳು ನೋಡಿಕೊಂಡಳು. ದಸರಾ ಮುಗಿಯುವವರೆಗೂ ರೈಲು ಒಂದು ದಿನವೂ ಕೆಡದೆ ಓಡಿತು!